ವ್ರತದ ರಕ್ತ

ಹೊಸ ಎಣಿಕೆಯ 412ನೆಯ ವರ್ಷ, ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ದಿನ
ಡೋಣಿ ನದಿಯ ದಂಡೆ

ನಾನೂರು ವರ್ಷ ಹಿಂದಿನ ಹಿರಿಯರಿಗೆ,

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಬಸಲಿಂಗಮ್ಮ, ಈ ಊರಿನ ರಕ್ತವಾಚಕಿ. ಅಂದರೆ ರಕ್ತ ನೋಡಿ ರೋಗ ಹೇಳುವವಳು. ನಿಮ್ಮ ಕಾಲದಲ್ಲಿ ಇಲ್ಲಿ ಜೋಳ ಬೆಳೆಯುತ್ತಿತ್ತಂತೆ. ಈಗ ಕಣ್ಣು ಹಾಯಿಸಿದಷ್ಟೂ ಗೋಧಿ.

ಮಗು ಹುಟ್ಟಿದ ದಿನವೇ ಅದರ ವಂಶವಾಹಿ ಓದುತ್ತೇವೆ. ಮೂರರಲ್ಲೊಂದು ಮಗುವಿಗೆ, ಗೋಧಿ ಒಗ್ಗದಿರಬಹುದೆಂಬ ‘ಹುಟ್ಟುಗುರುತು’ ಇರುತ್ತದೆ. ಗುರುತಿದ್ದವರೆಲ್ಲ ರೋಗಿಗಳಲ್ಲ, ಬಾಗಿಲಿಗೆ ಅಗಳಿ ಹಾಕಿಲ್ಲ ಎಂದಷ್ಟೇ ಅರ್ಥ. ರೋಗ ಒಳಗೆ ಬಂದಿದೆಯೇ ಎಂದು ಹೇಳುವುದು ರಕ್ತದಲ್ಲಿನ ಪ್ರತಿಕಾಯಗಳು. ಅವನ್ನು ನಾವು ‘ಸಾಕ್ಷಿ’ ಎನ್ನುತ್ತೇವೆ. ಗುರುತಿನ ಮಕ್ಕಳ ರಕ್ತವನ್ನು ಮೂರು ವರ್ಷಕ್ಕೊಮ್ಮೆ ನೋಡುವುದು ಕಟ್ಟಳೆ. ಆದರೆ ಮಡಿಯಿಲ್ಲದ ರಕ್ತ ಸುಳ್ಳಾಡುತ್ತದೆಂದು, ಅದಕ್ಕೆ ಮೊದಲು ಇಡೀ ವರ್ಷ ಗೋಧಿ ಬಿಡುವ ವ್ರತ ಹಿಡಿಸಿ, ಅದಕ್ಕೆಂದೇ ಬೆಳೆದ ಜೋಳದ ಅಂಬಲಿ ಕುಡಿಸುತ್ತಾರೆ. ಅರವತ್ತು ವರ್ಷದಲ್ಲಿ ಒಬ್ಬರಲ್ಲೂ ಸಾಕ್ಷಿ ಸಿಕ್ಕಿಲ್ಲ. ನಮ್ಮೂರಲ್ಲಿ ಆ ರೋಗವೇ ಇಲ್ಲವೆಂದು ಬೀಗುತ್ತೇವೆ. ಮಕ್ಕಳ ಪಾದ ನೆಲ ಮುಟ್ಟಲೆಂದು ಶಾಲೆಯ ಬೆಂಚುಗಳ ಕಾಲನ್ನು ಮಾತ್ರ ಪ್ರತಿ ವರ್ಷ ಇನ್ನಷ್ಟು ಕತ್ತರಿಸಬೇಕಾಗುತ್ತದೆ.

ನನ್ನ ಮಗಳು ತುಂಗವ್ವನಿಗೆ ಒಂಬತ್ತು ವರ್ಷ. ಗೋಧಿ ಉಣ್ಣುವಾಗ ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾಗುತ್ತವೆ. ವ್ರತದ ವರ್ಷ ಚಿಗುರುತ್ತಾಳೆ. ಊರವರಿಗೆ ಅದು ವ್ರತದ ಮಹಿಮೆ. “ಅವ್ವಾ, ನನ್ನ ವ್ರತ ಮುಗಸಬ್ಯಾಡ” ಎಂದು ಈ ಬಾರಿ ಅವಳು ಕಾಲು ಹಿಡಿದಳು.

ವ್ರತಕ್ಕೆ ಕೂರಿಸುವ ಮೊದಲೇ ಅವಳ ರಕ್ತವನ್ನು ಕದ್ದು ನೋಡಿದ್ದೆ. ಸಾಕ್ಷಿಗಳು ಕಿಕ್ಕಿರಿದಿದ್ದವು. ಗೋಧಿ ಉಣ್ಣುವವರೆಗೆ ಅವು ಇರುತ್ತವೆ. ಬಿಟ್ಟರೆ ಮೆಲ್ಲನೆ ಅಳಿಯುತ್ತವೆ. ಇದನ್ನು ಹೇಳಿದ್ದಕ್ಕೆ ಊರ ಹಿರಿಯ ಮಲ್ಲಪ್ಪಯ್ಯ ನಕ್ಕರು: “ಮಡಿ ಇಲ್ಲದ ರಕ್ತ ತಂದೀಯಲ್ಲ ತಂಗಿ! ಹಳೇ ಹೊತ್ತಿಗ್ಯಾಗ ಹಂಗ ಬರದಿದ್ರ ತೋರಸು.” ರಕ್ತ ನೋಡುವ ಬಗೆ ಹೇಳುವ ಆ ಹೊತ್ತಿಗೆ ನಿಮ್ಮ ಕಾಲದ್ದು. ಅದರಲ್ಲಿ ಈ ಮಾತೊಂದನ್ನು ಯಾರೂ ಬರೆದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಬರೆಯುವುದೇಕೆ ಎಂದುಕೊಂಡಿರೋ ಏನೋ. ನಿಮ್ಮ ಮೇಲೆ ನನಗೆ ಸಿಟ್ಟಿದೆ.

ಇಂದು ಬೆಳಿಗ್ಗೆ ಸಭೆಯಲ್ಲಿ ಅವಳ ರಕ್ತ ನಿರ್ಮಲವೆಂದು ನಾನೇ ಓದಿದೆ. ನಿರ್ಮಲವಾಗಿಯೇ ಇತ್ತು. ಇನ್ನು ಕಟ್ಟಳೆಯಂತೆ ಮೊದಲ ತುತ್ತು ಗೋಧಿ ಹುಗ್ಗಿಯನ್ನು ತಾಯಿಯೇ ಉಣಿಸಬೇಕು. ಒಲ್ಲೆನೆಂದರೆ ಮಗುವನ್ನು ಬೇರೆ ಮನೆಗೆ ಕೊಡುತ್ತಾರೆ, ಅಲ್ಲಿ ಬೇರೆ ಕೈ ಉಣಿಸುತ್ತದೆ.

ಕೈಮುಗಿಯುತ್ತೇನೆ, ಬರೆದಿಡಿ: ರಕ್ತ ನೋಡುವ ಮೊದಲು ಗೋಧಿ ಬಿಡಿಸಬಾರದು, ಉಣ್ಣುತ್ತಿರುವಾಗಲೇ ನೋಡಬೇಕು. ನೀವು ಅಲ್ಲಿ ಬರೆದರೆ ಆ ಸಾಲು ಇಲ್ಲಿ ನನ್ನ ಮುಂದಿನ ಹೊತ್ತಿಗೆಯಲ್ಲಿ ಮೂಡೀತು. ಪುಟ ತೆರೆದು ಕೂತಿದ್ದೇನೆ. ಹುಗ್ಗಿ ಆರುತ್ತಿದೆ. ತುಂಗವ್ವ ಬಾಯಿ ಬಿಗಿಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದಾಳೆ.