ಕ್ಷೌರಿಕನ ಮಗನಿಗೆ ತಖಿಯಾ

ಸನಾ ನಗರ, ೧೪ ಜೂನ್ ೧೯೭೦, ಭಾನುವಾರ

ಮಾವ ಮದುವೆಗೆ ಒಪ್ಪಿಬಿಟ್ಟರು. ಅವರ ಮಗಳು, ಪ್ರವಾದಿ ವಂಶದ ನಮ್ಮ ತಖಿಯಾ, ಕ್ಷೌರಿಕನ ಮಗ ನಾಜಿಗೆ! ದೊರೆ ಇಮಾಮರ ಕಾಲದಲ್ಲಿ ಇವನು ನನ್ನ ಕೈಗೆ ಮುತ್ತಿಟ್ಟು ತಲೆತಗ್ಗಿಸಿ ನಿಲ್ಲುತ್ತಿದ್ದ. ಯುದ್ಧದಲ್ಲಿ ಗಣರಾಜ್ಯ ಗೆದ್ದಿತು, ಈಗ ಅವನು ಕ್ಯಾಪ್ಟನ್. ಇವತ್ತು ನನ್ನ ಹೆಗಲು ತಟ್ಟಿ, "ಏನಯ್ಯಾ ಮುತಹ್ಹರ್, ಚೆನ್ನಾಗಿದ್ದೀಯಾ?" ಎಂದ.

ತಡೆಯಲಾರದೆ ತಖಿಯಾಳನ್ನೇ ಕೇಳಿದೆ. "ನಾನಿರಲಿಲ್ವೇನೇ?"

"ಇದ್ರಲ್ಲ ಭಾವ, ನೆಲಮಾಳಿಗೇಲಿ! ದೊರೆ ಕಡೆಯವ್ರು ಎಪ್ಪತ್ತು ದಿನ ಊರು ಮುತ್ತಿದಾಗ ನಾಜಿಯವ್ರು ಬೆಟ್ಟದ ಮೇಲೆ ಕಾದಾಡ್ತಿದ್ರು" ಎಂದು ನಕ್ಕಳು.

ಹೊಟ್ಟೆ ಉರಿಯುತ್ತಿದೆ. ಅವಳಿಗಾಗಿ ಎಂದುಕೊಂಡಿದ್ದೆ. ಆದರೆ ಆ ಮುತ್ತಿಗೆಯಲ್ಲಿ ಕಾಲಿಗೆ ಗುಂಡು ತಿಂದಿದ್ದ ನಾಜಿ ಕುಂಟುತ್ತ ಹೊರಟಾಗ, ಯಾರಿಗೂ ಏಳದ ಮಾವ ಎದ್ದು, ತೋಳು ಹಿಡಿದು ಅವನನ್ನು ಮೆಟ್ಟಿಲಿಳಿಸಿದರು. ಆ ಗುಂಡು ನನ್ನ ಕಾಲಿಗೇ ತಾಗಿದ್ದರೆ... ಛೆ, ಎಂಥ ಆಸೆ ಇದು.