ಕಾಪು ಕಡಲ ಬದಿಯಲ್ಲಿ ನಾನು ಅತ್ತದ್ದಲ್ಲ

ಮಣಿಪಾಲ
17-7-2005, ಆದಿತ್ಯವಾರ

ಪ್ರೀತಿಯ ಜೆಫ್ರಿ,

ಬಹರೈನಿನಲ್ಲಿ ಈಗ ವಿಪರೀತ ಸೆಕೆ ಇರಬೇಕು. ಊಟ, ನಿದ್ದೆ ಸರಿಯಾಗಿ ಆಗುತ್ತಿದೆಯೆಂದು ನಂಬಿದ್ದೇನೆ.

ನಾವಿಬ್ಬರೂ ಆಡಿದ್ದು ಕೊಂಕಣಿಯೇ. ಆದರೆ ಈ ವಿಷಯವನ್ನು ಕೊಂಕಣಿಯಲ್ಲಿ ಹೇಳಹೊರಟರೆ ಅರ್ಧಕ್ಕೇ ಬಿಟ್ಟುಬಿಡುತ್ತೇನೆ. ಶಾಲೆಯಲ್ಲಿ ಕಲಿತ ಕನ್ನಡದಲ್ಲಾದರೆ ಸ್ವಲ್ಪ ಧೈರ್ಯ ಉಂಟು.

ಮದುವೆಯಾಗಿ ನಾವು ಒಟ್ಟಿಗಿದ್ದದ್ದು ಇಪ್ಪತ್ತೊಂಬತ್ತು ದಿನ. ಅಷ್ಟು ದಿನವೂ ನನ್ನ ಕಣ್ಣಲ್ಲಿ ನೀರು. ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ಗಾಳಿಗೆ ಕುಳಿತಿದ್ದಾಗ ನೀವು ಕೇಳಿದಿರಿ, “ರೀನಾ, ನಿನಗೆ ಮನಸ್ಸಿಲ್ಲದೆ ಈ ಮದುವೆ ಮಾಡಿದರಾ?” ಎಂದು. ನಾನು ಮುಖ ತಿರುಗಿಸಿದೆ. ರಜೆ ಉಳಿದಿದ್ದರೂ ನೀವು ಟಿಕೆಟ್ ಬದಲಾಯಿಸಿ ಹೊರಟುಬಿಟ್ಟಿರಿ. ಮೊದಲು ವಾರಕ್ಕೊಂದು ಫೋನ್ ಬರುತ್ತಿತ್ತು, ಮತ್ತೆ ತಿಂಗಳಿಗೊಂದು. ಮೇ ತಿಂಗಳಿನಿಂದ ಅದೂ ಇಲ್ಲ.

ಈಗ ನಿಜ ಬರೆಯುತ್ತೇನೆ. ನನಗೆ ಆರನೇ ಕ್ಲಾಸಿನಿಂದ ಕನ್ನಡಕ ಉಂಟು. ಮೈನಸ್ ಏಳು, ಸೋಡಾ ಬಾಟಲಿಯ ತಳದ ಹಾಗೆ. ಅದನ್ನು ನೋಡಿ ಎರಡು ಸಂಬಂಧ ತಪ್ಪಿತ್ತು. ನೀವು ನೋಡಲು ಬರುವ ಮೊದಲೇ ಅಮ್ಮ ಕಣ್ಣಿನೊಳಗೆ ಇಡುವ ಲೆನ್ಸ್ ಮಾಡಿಸಿಕೊಟ್ಟು, ಬಾಯಿ ಬಿಡಬೇಡ ಎಂದಳು. ಮೊಡವೆ ಹೋಗಲೆಂದು ಐದು ತಿಂಗಳು ಕ್ಯಾಪ್ಸೂಲ್ ನುಂಗಿದೆ. ಮದುವೆಯ ಮುನ್ನಾದಿನ ರೋಸಿನ ಶಾಸ್ತ್ರದಲ್ಲಿ ತಲೆಗೆ ಎರೆದ ತೆಂಗಿನ ಹಾಲು ಕಣ್ಣಿಗಿಳಿದಾಗಲೂ ಲೆನ್ಸ್ ತೆಗೆಯಲಿಲ್ಲ. ನಿಮ್ಮ ಪಕ್ಕ ಮಲಗುವಾಗಲೂ ತೆಗೆಯಲಿಲ್ಲ. ಬೆಳಿಗ್ಗೆ ಎದ್ದು ಕನ್ನಡಕಕ್ಕೆ ತಡಕಾಡುವುದನ್ನು ನೀವು ನೋಡಿದರೆ ಎಂಬ ಭಯ.

ಕೆಲಸಕ್ಕೆ ಮರಳಿದ ಮೇಲೂ ನೀರು ನಿಲ್ಲಲಿಲ್ಲ. ಪಕ್ಕದ ಸೀಟಿನ ಆಂಜೆಲಾ, ಗಂಡನ ನೆನಪಾ ಎಂದು ಬೆನ್ನು ಸವರುತ್ತಿದ್ದಳು. ಕೊನೆಗೆ ಅವಳೇ ಕಣ್ಣಿನ ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದಳು. ಅವರು ಮರಗಟ್ಟಿಸುವ ಹನಿ ಹಾಕಿ, ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿ, ಐದು ನಿಮಿಷ ಕೂರಿಸಿದರು. ಪಟ್ಟಿಯ ತುದಿ ಮಾತ್ರ ಒದ್ದೆಯಾಗಿತ್ತು. “ನಿಮ್ಮ ಕಣ್ಣು ಒಣಗಿದೆ” ಎಂದರು. ನನಗೆ ನಗು ಬಂತು. ದಿನವಿಡೀ ಸುರಿಯುತ್ತದಲ್ಲ ಡಾಕ್ಟ್ರೇ ಎಂದೆ. ಒಣಗಿದ ಕಣ್ಣು ಉರಿಯುತ್ತದೆ, ಉರಿ ತಾಳದೆ ನೀರು ಸುರಿಸುತ್ತದೆ, ಆ ನೀರು ಕಣ್ಣಲ್ಲಿ ನಿಲ್ಲುವುದಿಲ್ಲ ಎಂದರು. ಎ.ಸಿ. ರೂಮಿನಲ್ಲಿ ಒಂಬತ್ತು ಗಂಟೆ ರೆಪ್ಪೆ ಬಡಿಯದೆ ಕಂಪ್ಯೂಟರ್ ನೋಡಿದ್ದು, ಲೆನ್ಸ್, ಆ ಕ್ಯಾಪ್ಸೂಲ್, ಎಲ್ಲ ಸೇರಿ ಹೀಗಾಗಿದೆಯಂತೆ. ಇದು ವಯಸ್ಸಾದವರ ಕಾಯಿಲೆ ಅಲ್ವಾ ಎಂದು ಕೇಳಿದರೆ, ಈಗ ನಿಮ್ಮ ಪ್ರಾಯದವರೂ ಬರುತ್ತಾರೆ ಎಂದರು. ಅಮೆರಿಕದ ಡಾಕ್ಟರುಗಳ ಮಾತು ಕೇಳಿ ಟೈಪ್ ಮಾಡುವವಳು ನಾನು. ಈ ಕಾಯಿಲೆಯ ಹೆಸರನ್ನು ಎಷ್ಟೋ ಸಲ ಟೈಪ್ ಮಾಡಿದ್ದೇನೆ, ಯಾರ್ಯಾರೋ ರೋಗಿಗಳ ಹೆಸರಿನ ಕೆಳಗೆ.

ಕಳೆದ ವಾರ ಕನ್ನಡಕ ಹಾಕಿಕೊಂಡೇ ಕಾಪುವಿಗೆ ಹೋಗಿ ನಿಮ್ಮ ಮಮ್ಮಿಗೆ ಎಲ್ಲ ಹೇಳಿದೆ. ಅವರು “ನನಗೆ ಹೇಳಿ ಎಂತ ಪ್ರಯೋಜನ? ಅವನಿಗೆ ಬರೆ” ಎಂದು ವಿಳಾಸ ಕೊಟ್ಟರು. ನೀವು ರೂಮ್ ಬದಲಾಯಿಸಿದ್ದು ನನಗೆ ಗೊತ್ತಾದದ್ದು ಆಗಲೇ.

ಇವತ್ತು ಹಾಸ್ಟೆಲಿನಲ್ಲಿ ಯಾರೂ ಇಲ್ಲ, ಎಲ್ಲರೂ ಮನೆಗೆ ಹೋಗಿದ್ದಾರೆ. ದಿನಕ್ಕೆ ನಾಲ್ಕು ಸಲ ಹನಿ ಹಾಕಿ ಕಣ್ಣು ಮುಚ್ಚಿ ಮಲಗಬೇಕು. ಆಗ ನಿಮ್ಮ ಮುಖ ನೆನೆಯಲು ನೋಡುತ್ತೇನೆ. ಧ್ವನಿ ಮಾತ್ರ ಬರುತ್ತದೆ.

ಮುಚ್ಚಿಟ್ಟಿದ್ದಕ್ಕೆ ಸಿಟ್ಟು ಮಾಡಿಕೊಳ್ಳಿ, ಅದರಲ್ಲಿ ನ್ಯಾಯ ಉಂಟು. ಮನಸ್ಸಿಲ್ಲದೆ ಬಂದವಳು ಎಂದು ಮಾತ್ರ ತಿಳಿಯಬೇಡಿ.

ನಿಮ್ಮ
ರೀನಾ

ತಾ.ಕ.: ನೀವು ಹೊರಟ ದಿನ, ಬಸ್ಸಿನ ತನಕ ಬರುವುದು ಬೇಡ ಎಂದು ನನ್ನನ್ನು ಉದ್ಯಾವರದ ತವರಿನಲ್ಲಿ ಬಿಟ್ಟಿದ್ದಿರಿ. ನಾನು ಅಲ್ಲಿಂದ ಆಟೋ ಹಿಡಿದು ಕಟಪಾಡಿಗೆ ಬಂದು ನಿಂತಿದ್ದೆ. ಕಣ್ಣು ಉರಿದು ಲೆನ್ಸ್ ತೆಗೆದಿದ್ದೆ. ನೀವು ನೋಡಿಬಿಡುತ್ತೀರೆಂದು ಹೆದರಿ ಕನ್ನಡಕವನ್ನು ಬ್ಯಾಗಿನಿಂದ ಹೊರಗೆ ತೆಗೆಯಲಿಲ್ಲ. ಕಾಪುವಿನಲ್ಲಿ ನೀವು ಹತ್ತಿದ ಮುಂಬಯಿ ಬಸ್ಸು ಬಂದು ನಿಂತಿತು. ಯಾವ ಕಿಟಕಿಯಲ್ಲಿ ನೀವಿದ್ದಿರೆಂದು ಕಾಣಲಿಲ್ಲ. ಎಲ್ಲ ಕಿಟಕಿಗಳಿಗೂ ಕೈ ಬೀಸಿದೆ.