ಮೂರನೇ ಮಹಡಿಯ ಮಗ್ಗ

ದೇವನಹಳ್ಳಿ
೧೬ ಜೂನ್ ೨೦೨೫, ಸೋಮವಾರ

ಪ್ರೀತಿಯ ಕುಮಾರ್ ಅವರಿಗೆ,

‘ಪ್ರೀತಿಯ’ ಅಂತ ಬರೆಯುವ ಮೊದಲು ಸ್ವಲ್ಪ ಹೊತ್ತು ಯೋಚಿಸಿದೆ. ಆದರೂ ಬರೆದೆ. ಈರೋಡಿನ ಊಟ ಒಗ್ಗಿತೇ? ಅಲ್ಲಿನ ಮಿಲ್ಲಿನಲ್ಲಿ ಮಗ್ಗ ಕೂರಿಸುವಾಗ ಬಗ್ಗಿ ಬಗ್ಗಿ ಸೊಂಟನೋವು ಮತ್ತೆ ಶುರುವಾಗಿದ್ದರೆ ಬ್ಯಾಗಿನ ಪಕ್ಕದ ಜೇಬಿನಲ್ಲಿ ಎಣ್ಣೆ ಇಟ್ಟಿದ್ದೇನೆ, ಹಚ್ಚಿಕೊಳ್ಳಿ. ಅತ್ತೆ ಆರೋಗ್ಯವಾಗಿದ್ದಾರೆ. ಐದು ದಿನದಿಂದ ನಾನು ಫೋನ್ ಎತ್ತದೇ ಇರುವುದು ಬೇಕೆಂದೇ. ಫೋನಿನಲ್ಲಾದರೆ ಅರ್ಧ ಮಾತಿಗೇ ನೀವು ‘ಆಯ್ತು ಬಿಡು’ ಅನ್ನುತ್ತೀರಿ. ಕಾಗದಕ್ಕೆ ಹಾಗೆ ಅನ್ನಲಾಗುವುದಿಲ್ಲ.

ನೀವು ಹೋದ ವಾರದಿಂದಲೇ ಮಧ್ಯಾಹ್ನ ಎರಡು ಗಂಟೆಗೆ ಗೋಡೆಯೊಳಗಿಂದ ಟಕ್ ಟಕ್ ಎಂದು ಸದ್ದು ಬರಲು ಶುರುವಾಯಿತು. ಮೂರರ ತನಕ ನಿಲ್ಲುತ್ತಿರಲಿಲ್ಲ. ಕೆಳಗಿನ ಮನೆಯ ಪ್ರಿಯಾಂಕ ಮನೆಯಿಂದಲೇ ಕೆಲಸ ಮಾಡುವವಳಲ್ಲವೇ, ಅವಳೇ ಮೊದಲು ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಬರೆದಳು, ಮೂರನೇ ಮಹಡಿಯವರು ಮನೆಯೊಳಗೆ ಮಗ್ಗ ಓಡಿಸುತ್ತಿದ್ದಾರೆ ಎಂದು. ನಾವು ದೊಡ್ಡಬಳ್ಳಾಪುರದವರು, ನೇಕಾರರು, ನಮ್ಮ ಮನೆಗೆ ಸೀರೆಯ ಗಂಟು ಬರುತ್ತದೆ, ಹೋಗುತ್ತದೆ. ಇಷ್ಟು ಸಾಕಾಯಿತು ಅವರಿಗೆ. ನಾನು ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಸೂಜಿ ದಾರದಲ್ಲಿ. ಸೂಜಿಗೆ ಯಾವ ಸದ್ದು?

ಅಸೋಸಿಯೇಷನ್ ಕಾರ್ಯದರ್ಶಿ ಮುರಳಿ ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗಿ ಮಂಚದ ಕೆಳಗೆ, ಕಪಾಟಿನೊಳಗೆ, ಸ್ನಾನದ ಮನೆಯಲ್ಲಿ, ಎಲ್ಲಾ ಕಡೆ ಫೋನಿನಿಂದ ವಿಡಿಯೋ ಮಾಡಿಕೊಂಡರು. ಏನೂ ಸಿಗಲಿಲ್ಲ. ಆಗಲಾದರೂ ಸುಮ್ಮನಾಗಬೇಕಲ್ಲ? ಮಗ್ಗವನ್ನು ಬಿಚ್ಚಿ ಎಲ್ಲೋ ಬಚ್ಚಿಟ್ಟಿದ್ದಾರೆ ಎಂದು ಗುಂಪಿನಲ್ಲಿ ಬರೆದರು. ಮಾರನೆಯ ದಿನ ನಮ್ಮ ಬಾಗಿಲಿಗೆ ನೇರವಾಗಿ ಒಂದು ಕ್ಯಾಮೆರಾ ಬಂತು. ಅಂದಿನಿಂದ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲೂ ಬಾಗಿಲನ್ನು ಕೈ ಹಿಡಿಸುವಷ್ಟೇ ತೆರೆಯುತ್ತಿದ್ದೆ. ಲಿಫ್ಟಿನೊಳಗೆ ನಾನು ಕಾಲಿಟ್ಟರೆ ಒಳಗಿದ್ದವರು ಮುಂದಿನ ಮಹಡಿಗೇ ಇಳಿದುಬಿಡುತ್ತಿದ್ದರು.

ನಾನು ಮಾಡಿದ್ದನ್ನೂ ಕೇಳಿ. ಕಿಟಕಿಗಳನ್ನೆಲ್ಲ ಮುಚ್ಚಿದೆ. ಕುರ್ಚಿ ಕಾಲಿಗೆ ಬಟ್ಟೆ ಸುತ್ತಿದೆ. ಮಿಕ್ಸಿ ಹಾಕುವುದನ್ನೇ ಬಿಟ್ಟೆ. ಎರಡು ಗಂಟೆಯಾಯಿತೆಂದರೆ ಅತ್ತೆಯನ್ನು ಮಂಚದ ಮೇಲೆ ಕೂರಿಸಿ, ಕಾಲು ಕೆಳಗಿಡಬೇಡಿ ಎನ್ನುತ್ತಿದ್ದೆ. ಎಪ್ಪತ್ತು ದಾಟಿದ ಹೆಂಗಸು, ಒಂದು ಗಂಟೆ ಕಾಲು ಮಡಚಿಕೊಂಡು ಕೂತಿರುತ್ತಿದ್ದರು. ಮಗ್ಗದ ಸದ್ದಿನಲ್ಲೇ ನಲವತ್ತು ವರ್ಷ ಕಳೆದು ಅವರ ಕಿವಿ ಮಂದವಾಗಿದೆ. ಆ ಟಕ್ ಟಕ್ ಅವರಿಗೆ ಕೇಳಿಸುತ್ತಲೂ ಇರಲಿಲ್ಲ. ಯಾಕೆ ಕೂರಿಸುತ್ತಿದ್ದೇನೆಂದು ಒಂದು ದಿನವೂ ಕೇಳಲಿಲ್ಲ.

ಹೀಗಿರುವಾಗ ಕಳೆದ ಬುಧವಾರ ಮುರಳಿ ನಿಮಗೇ ಫೋನ್ ಮಾಡಿದರು. ತಕ್ಷಣ ನೀವು ನನಗೆ ಮಾಡಿದಿರಿ. ಊಟವಾಯಿತಾ ಎಂದು ಕೇಳಲಿಲ್ಲ. “ನಿಜ ಹೇಳು ಅರುಣಾ, ಅಮ್ಮ ಸುಮ್ನೆ ಕೂತ್ಕೊಳ್ಳಕ್ಕಾಗ್ದೆ ಏನಾದ್ರೂ ಮಿಷನ್ ತರಿಸ್ಕೊಂಡಿದಾಳಾ?” ಅಂದಿರಿ. ಊರಿನವರು ಅನುಮಾನಿಸಿದರೆ ತಡೆದುಕೊಳ್ಳಬಹುದು ರೀ. ನಿಮ್ಮ ಬಾಯಿಂದ ಆ ಮಾತು ಬಂದ ಮೇಲೆ ನನ್ನ ತಲೆಯೂ ಕೆಟ್ಟಿತು. ಅದೇ ಮಧ್ಯಾಹ್ನ ಅತ್ತೆ ಸ್ನಾನಕ್ಕೆ ಹೋದಾಗ ಅವರ ತಗಡಿನ ಪೆಟ್ಟಿಗೆ ಎಳೆದು ತೆಗೆದೆ. ಎರಡು ಸೀರೆ, ಮಾವನವರ ಕನ್ನಡಕ, ಒಂದು ಪೊಟ್ಟಣ ನಶ್ಯ. ತಲೆ ಎತ್ತಿದರೆ ಅತ್ತೆ ಒದ್ದೆ ಕೂದಲಲ್ಲಿ ಬಾಗಿಲಲ್ಲಿ ನಿಂತಿದ್ದರು.

“ಸಿಕ್ತೇನಮ್ಮಾ?” ಅಂದರು.

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಾನು ಅಳುತ್ತಾ ಎಲ್ಲವನ್ನೂ ಹೇಳಿದೆ. ಅವರು ಒಳಗೆ ಬಂದು ಗೋಡೆಗೆ ಅಂಗೈ ಇಟ್ಟರು. ಎರಡು ಗಂಟೆಯಾಗಿತ್ತು, ಸದ್ದು ಶುರುವಾಗಿತ್ತು. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತು, “ಇದು ಮಗ್ಗ ಅಲ್ಲ ಕಣಮ್ಮಾ. ಮಗ್ಗ ಆದ್ರೆ ಆ ಕಡೆ ಒಂದೇಟು, ಈ ಕಡೆ ಒಂದೇಟು. ಇದು ಒಂದೇ ಕಡೆ ಬಡೀತೈತೆ. ನಡಿ ಮೇಲಕ್ಕೆ,” ಅಂದರು. ಮೆಟ್ಟಿಲ ಗೋಡೆಗೆ ಕೈ ಸವರುತ್ತಾ ಒಂದೊಂದೇ ಮೆಟ್ಟಿಲು ಹತ್ತಿದರು, ನಾನು ಹಿಂದೆ. ಕ್ಯಾಮೆರಾದಲ್ಲಿ ನೋಡಿಯೋ ಏನೋ ಮುರಳಿಯೂ ಪ್ರಿಯಾಂಕಳೂ ಓಡಿ ಬಂದರು. ಟೆರೇಸಿನಲ್ಲಿ ನೀರಿನ ಟ್ಯಾಂಕಿಗೆ ಹೋಗುವ ಪೈಪಿನ ಕ್ಲಾಂಪು ಕಳಚಿಹೋಗಿತ್ತು. ದಿನಾ ಎರಡು ಗಂಟೆಗೆ ಮೋಟರ್ ಹಾಕಿದೊಡನೆ ಪೈಪು ಅದುರಿ ಗೋಡೆಗೆ ಬಡಿಯುತ್ತಿತ್ತು. ಅತ್ತೆ ಎರಡೂ ಕೈಯಲ್ಲಿ ಪೈಪನ್ನು ಒತ್ತಿ ಹಿಡಿದರು. ಸದ್ದು ನಿಂತಿತು.

ಮುರಳಿ ಏನಂದರು ಗೊತ್ತೇ? ನಾಳೆ ಪ್ಲಂಬರ್ ಕರೆಸುತ್ತೇನೆ ಅಂದರು. ಗುಂಪಿನಲ್ಲಿ ‘ಸಮಸ್ಯೆ ಬಗೆಹರಿದಿದೆ’ ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದರು. ಯಾರ ಸಮಸ್ಯೆ? ಯಾರಿಗೆ ಕೈಮುಗಿದದ್ದು? ಪ್ರಿಯಾಂಕ ನೆಲ ನೋಡುತ್ತಾ ಇಳಿದು ಹೋದಳು. ನಾನೇನು ಕಡಿಮೆ? ಪೆಟ್ಟಿಗೆಯ ವಿಷಯಕ್ಕೆ ಅತ್ತೆಯ ಕ್ಷಮೆ ಕೇಳಲು ದಿನವೂ ಬಾಯಿ ತೆರೆಯುತ್ತೇನೆ, ಅವರು ‘ಸಾರು ಉಕ್ತೈತೆ ನೋಡು’ ಎಂದು ಮಾತು ತಿರುಗಿಸುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯ ಆಶೀರ್ವಾದ ನಿಮಗಿದೆ. ನೀವು ಕೇಳಿದ ಮಾತು ಅವರಿಗೆ ಗೊತ್ತಾದ ಮೇಲೂ ಇದೆ.

ಇಂತಿ ನಿಮ್ಮ
ಅರುಣಾ

ಮ.ವಿ.: ಬರೆಯಬೇಕಾದದ್ದೇ ಮರೆತೆ. ಇಪ್ಪತ್ತೊಂಬತ್ತರ ಭಾನುವಾರ ಅಸೋಸಿಯೇಷನ್ ಮೀಟಿಂಗ್ ಇದೆ. ಅನುಮಾನಪಟ್ಟವರೆಲ್ಲ ಎಲ್ಲರ ಎದುರಿಗೆ ಅತ್ತೆಯ ಕ್ಷಮೆ ಕೇಳಬೇಕೆಂದು ಪತ್ರ ಕೊಟ್ಟಿದ್ದೇನೆ. ಮೊದಲು ಕೇಳುವವಳು ನಾನೇ. ನೀವು ಶನಿವಾರವೇ ಹೊರಟು ಬನ್ನಿ. ಮಾತಾಡಲು ಅಲ್ಲ, ಮಾತು ನಾನಾಡುತ್ತೇನೆ. ನಿಮ್ಮ ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂರಲು.